ಹಗ್ಗ ಎಲ್ಲಿಂದ ಹಿಡಿಯಬೇಕು: ಗಣಿತಸಾರಸಂಗ್ರಹದ ವೃತ್ತಪದ್ಯಗಳ ಒಂದು ವಿಮರ್ಶೆ

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. ಒಂಬತ್ತನೆಯ ಶತಮಾನದ ನಡುಭಾಗದ ಆಸುಪಾಸಿನಲ್ಲಿ, ಎರಡು ಗ್ರಂಥಗಳು ಹುಟ್ಟಿದವು. ಒಂದು ಶ್ರೀವಿಜಯನ ಕವಿರಾಜಮಾರ್ಗ, ಇನ್ನೊಂದು ಮಹಾವೀರಾಚಾರ್ಯನ ಗಣಿತಸಾರಸಂಗ್ರಹ. ಮೊದಲನೆಯದನ್ನು ನೆನೆಯದ ಸಾಹಿತ್ಯ ಸಮ್ಮೇಳನವೇ ಇಲ್ಲ. ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನ ಮಾತು ಬಂದ ಕೂಡಲೇ ನಮ್ಮ ಗಡಿನಾಡಿನ ಸಭೆಗಳಲ್ಲಿ ಚಪ್ಪಾಳೆ ಏಳುತ್ತದೆ. ಮಾಂಜರೆಯ ನೀರು ಕುಡಿದು ಬೆಳೆದ ನಾವೂ ಆ ಚಪ್ಪಾಳೆಯಲ್ಲಿ ಕೈಗೂಡಿಸಿದವರೇ. ಎರಡನೆಯ ಗ್ರಂಥಕ್ಕೆ ಸಾಹಿತ್ಯ ಚರಿತ್ರೆಗಳು ಕೊಡುವುದು ಒಂದೆರಡು ವಾಕ್ಯ ಮಾತ್ರ. ‘ಇದೇ ಕಾಲದಲ್ಲಿ ಮಹಾವೀರನೆಂಬ ಜೈನ ಗಣಿತಜ್ಞನೂ ಇದ್ದನು’ ಎಂಬಂಥ ಮಾತು ಹೇಳಿ ಮುಂದಿನ ಕವಿಗೆ ಹೋಗಿಬಿಡುತ್ತವೆ.

ಹಾಗೆ ಹೋಗುವವರಿಗೆ ಎರಡು ನೆಪಗಳಿವೆ. ಗ್ರಂಥ ಸಂಸ್ಕೃತದಲ್ಲಿದೆ, ಮತ್ತು ಅದು ಗಣಿತ. ಮೊದಲನೆಯ ನೆಪ ಹಳೆಯದಾಯಿತು. ಮದರಾಸಿನಲ್ಲಿ ಎಂ. ರಂಗಾಚಾರ್ಯರು 1912ರಲ್ಲಿ ಇಂಗ್ಲಿಷ್ ಅನುವಾದದೊಡನೆ ಮೂಲವನ್ನು ಪ್ರಕಟಿಸಿದರು. ನಮ್ಮ ನೆರೆಯ ಸೊಲ್ಲಾಪುರದಿಂದ 1963ರಲ್ಲಿ ಎಲ್.ಸಿ. ಜೈನ್ ಅವರ ಹಿಂದಿ ಅನುವಾದ ಬಂದಿತು. 2000ದಲ್ಲಿ ಹೊಂಬುಜದಿಂದ ಪದ್ಮಾವತಮ್ಮನವರ ಕನ್ನಡ ಅನುವಾದವೂ ಬಂದಿದೆ. ತೆಲುಗಿನವರಂತೂ ಹನ್ನೊಂದನೆಯ ಶತಮಾನದಲ್ಲಿಯೇ, ಪಾವುಲೂರಿ ಮಲ್ಲನನ ಕೈಯಿಂದ, ಇದನ್ನು ತಮ್ಮದಾಗಿಸಿಕೊಂಡಿದ್ದರು. ಎರಡನೆಯ ನೆಪವೂ ನಿಲ್ಲುವಂಥದಲ್ಲ. ಸಾವಿರದ ನೂರಕ್ಕೂ ಹೆಚ್ಚು ಪದ್ಯಗಳ ಆ ಗ್ರಂಥದಲ್ಲಿ ತಾವರೆಯ ಕೊಳವಿದೆ, ದುಂಬಿಗಳ ಹಿಂಡಿದೆ, ಪ್ರಣಯಕಲಹದಲ್ಲಿ ಹರಿದುಬಿದ್ದ ಮುತ್ತಿನ ಹಾರವೂ ಇದೆ. ಪದ್ಯದಲ್ಲಿ ಬರೆದುದನ್ನು ಪದ್ಯವೆಂದು ಓದುವ ಕರ್ತವ್ಯ ವಿಮರ್ಶಕನಿಗೆ ಇಲ್ಲವೆ? ಆದರೆ ಆ ಚೆಲುವಾದ ಭಾಗಗಳನ್ನು ನಾವಿಲ್ಲಿ ಎತ್ತಿಕೊಳ್ಳುವುದಿಲ್ಲ. ಕ್ಷೇತ್ರಗಣಿತವೆಂಬ ಅಧ್ಯಾಯದಲ್ಲಿ ವೃತ್ತವನ್ನು ಕುರಿತು ಇರುವ ಕೆಲವೇ ಪದ್ಯಗಳಿವೆ. ಅವುಗಳಲ್ಲಿ ದುಂಬಿಯೂ ಇಲ್ಲ, ಮುತ್ತೂ ಇಲ್ಲ. ಅವನ್ನೇ ಓದೋಣ.

ಈ ಆಯ್ಕೆಗೆ ಒಂದು ಕಾರಣವಿದೆ. ಸೇವೆಯಲ್ಲಿದ್ದ ದಿನಗಳಲ್ಲಿ, ಶಿರೂರ ಅನಂತಪಾಳದ ಕಡೆಯ ಒಂದು ಹಳ್ಳಿಯಲ್ಲಿ, ವಿದ್ಯಾರ್ಥಿಯೊಬ್ಬನ ತಂದೆ ಶಾಲೆ ಬಿಡುವ ಹೊತ್ತಿಗೆ ಬಂದು ನಮ್ಮೆದುರು ಕುಳಿತರು. ಹೊಲದ ಬದುವಿನ ಬೇವಿನ ಮರವನ್ನು ಕಟ್ಟಿಗೆಯ ವ್ಯಾಪಾರಿಗೆ ಮಾರಿದ್ದರು. ದಿಮ್ಮಿಯ ಸುತ್ತಳತೆ 4 ಅಡಿ, ಉದ್ದ 10 ಅಡಿ. ವ್ಯಾಪಾರಿ ಹಗ್ಗ ಸುತ್ತಿ, ಹಗ್ಗವನ್ನು ನಾಲ್ಕು ಮಡಿಕೆ ಮಾಡಿ, ಆ ಮಡಿಕೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸಿ, ‘ಹತ್ತು ಘನ ಅಡಿ’ ಎಂದು ಹಣ ಎಣಿಸಿದ್ದನು. ತಂದೆಗೆ ಸಂಶಯ. ನಾವು ಹಲಗೆಯ ಮೇಲೆ ವೃತ್ತ ಬರೆದು, ನಡುವಿನಿಂದ ತ್ರಿಜ್ಯ ಎಳೆದು, ತ್ರಿಜ್ಯದ ವರ್ಗವನ್ನು 22ರ ಮೇಲೆ 7ರಿಂದ ಗುಣಿಸಬೇಕೆಂದು ಎಂದಿನ ಪಾಠ ಶುರುಮಾಡಿದೆವು. ಅವರು ಕೇಳಿದರು: “ಗುರೂಜಿ, ಗಿಡ ಕೊಯ್ದ್ ಮ್ಯಾಲ ನಡು ಕಾಣಸ್ತದ. ನಿಂತ ಗಿಡದಾಗ ನಡು ಹ್ಯಾಂಗ ಹುಡುಕೋದ್ರೀ? ನನ್ನ ಕೈಯಾಗ ಇರೂದು ಸುತ್ತಿದ ಹಗ್ಗ ಅಷ್ಟ.”

ಪ್ರಶ್ನೆ ಸರಿಯಾಗಿತ್ತು. ಬಿ.ಎ., ಬಿ.ಎಡ್. ಮಾಡಿ, ಅಷ್ಟು ವರ್ಷ ಏಳನೆಯ ಎಂಟನೆಯ ಇಯತ್ತೆಗೆ ವೃತ್ತ ಕಲಿಸಿದ್ದ ನಮಗೆ ಆ ಕ್ಷಣದಲ್ಲಿ ನೇರ ಉತ್ತರ ಹೊಳೆಯಲಿಲ್ಲ. ಪಠ್ಯದ ಲೆಕ್ಕಗಳಲ್ಲಿ ತ್ರಿಜ್ಯವನ್ನು ಕೊಟ್ಟೇ ಇರುತ್ತಾರೆ. ಬದುಕಿನ ವೃತ್ತಗಳಲ್ಲಿ ಕೈಗೆ ಸಿಗುವುದು ಹೊರಗಿನ ಸುತ್ತು. ಮರಕ್ಕೆ, ಕಣಿಕೆಯ ಬಣವೆಗೆ, ನೀರು ತುಂಬಿದ ಬಾವಿಗೆ ಹೊರಗಿನಿಂದ ಹಗ್ಗ ಹಿಡಿಯಬಹುದೇ ಹೊರತು ಒಳಗೆ ನಡುವನ್ನು ಮುಟ್ಟಲಾಗದು. ಅಂದು ರಾತ್ರಿ ಕುಳಿತು ಬಿಡಿಸಿದೆವು. ಪರಿಧಿಯಿಂದ ವ್ಯಾಸ, ವ್ಯಾಸದಿಂದ ತ್ರಿಜ್ಯ, ಅದರ ವರ್ಗ, ಹೀಗೆ ಹೋಗಿ ಕಡೆಗೆ ಒಂದೇ ಮಾತಿಗೆ ಬಂದಿತು: ಪರಿಧಿಯ ವರ್ಗವನ್ನು ಸುಮಾರು 12.57ರಿಂದ ಭಾಗಿಸಿದರೆ ಕ್ಷೇತ್ರಫಲ. ವ್ಯಾಪಾರಿ ಭಾಗಿಸಿದ್ದು 16ರಿಂದ. ದಿಮ್ಮಿಯಲ್ಲಿ ನಿಜವಾಗಿ ಇದ್ದುದು 12.73 ಘನ ಅಡಿ.

ಗಣಿತಸಾರಸಂಗ್ರಹವನ್ನು ನಾವು ಓದಿದ್ದು ಇದಾದ ಬಹಳ ವರ್ಷಗಳ ಮೇಲೆ, ನಿವೃತ್ತಿಯ ಬಿಡುವಿನಲ್ಲಿ. ವೃತ್ತದ ಪದ್ಯಗಳ ಬಳಿ ಬಂದಾಗ ಆ ತಂದೆಯ ಪ್ರಶ್ನೆಯೇ ಎದುರಿಗೆ ನಿಂತಿತು. ಆದ್ದರಿಂದ ನಮ್ಮ ಈ ಓದು ನಿಷ್ಪಕ್ಷಪಾತವಾದುದೆಂದು ಹೇಳಲಾರೆವು.

ಮಹಾವೀರನು ಪ್ರತಿಯೊಂದು ಆಕೃತಿಗೂ ಎರಡು ಬಗೆಯ ಫಲ ಹೇಳುತ್ತಾನೆ. ಒಂದು ವ್ಯಾವಹಾರಿಕ, ಅಂದರೆ ಸ್ಥೂಲ, ಇನ್ನೊಂದು ಸೂಕ್ಷ್ಮ. ವೃತ್ತದಲ್ಲಿ ಸ್ಥೂಲವೆಂದರೆ ವ್ಯಾಸದ ಮೂರರಷ್ಟು ಪರಿಧಿ, ಅರ್ಧವ್ಯಾಸದ ವರ್ಗದ ಮೂರರಷ್ಟು ಫಲ. ಸೂಕ್ಷ್ಮವೆಂದರೆ ಹತ್ತರ ವರ್ಗಮೂಲದಿಂದ ವ್ಯಾಸವನ್ನು ಗುಣಿಸಿದರೆ ಪರಿಧಿ. ಪರಿಧಿಯನ್ನು ವ್ಯಾಸದ ಕಾಲುಭಾಗದಿಂದ ಗುಣಿಸಿದರೆ ಫಲ. ಹತ್ತರ ವರ್ಗಮೂಲ ಅವನ ಸ್ವಂತದ್ದೇನೂ ಅಲ್ಲ. ಜೈನ ಲೋಕವರ್ಣನೆಯ ಗ್ರಂಥಗಳಲ್ಲಿ ಲಕ್ಷ ಯೋಜನ ವ್ಯಾಸದ ಜಂಬೂದ್ವೀಪಕ್ಕೆ 3,16,227 ಯೋಜನಕ್ಕಿಂತ ತುಸು ಹೆಚ್ಚಿನ ಪರಿಧಿ ಹೇಳುವುದು ಇದೇ ಲೆಕ್ಕದಿಂದ, ಬ್ರಹ್ಮಗುಪ್ತನಲ್ಲಿಯೂ ಇದಿದೆ. ಅವನಿಗಿಂತ ಮೂರೂವರೆ ಶತಮಾನ ಮೊದಲೇ, 499ರಲ್ಲಿ, ಆರ್ಯಭಟನು 20,000 ವ್ಯಾಸಕ್ಕೆ 62,832 ಪರಿಧಿಯೆಂದು ಇನ್ನೂ ಹತ್ತಿರದ ಬೆಲೆಯನ್ನು ಹೇಳಿಯಾಗಿತ್ತು. ನಮ್ಮ ಸಭೆಗಳಲ್ಲಿ ಅಭಿಮಾನದ ಭರದಿಂದ ‘ಮಹಾವೀರನೇ ಮೊದಲು ಕಂಡ’ ಎಂದು ಹೇಳುವವರು ಇದನ್ನು ಗಮನಿಸಬೇಕು. ಅವನ ಹಿರಿಮೆಯನ್ನು ಬೇರೆಡೆ ಹುಡುಕಬೇಕಾಗಿದೆ.

ಅದು ಸಿಗುವುದು ಒಂದು ಚಿಕ್ಕ ಒಗಟಿನಲ್ಲಿ. ಪರಿಧಿ, ವ್ಯಾಸ, ಕ್ಷೇತ್ರಫಲ ಮೂರನ್ನೂ ಕೂಡಿಸಿದರೆ 1116 ಆಗುತ್ತದೆ. ಒಂದೊಂದನ್ನೂ ಬಿಡಿಸಿ ಹೇಳು ಎನ್ನುತ್ತಾನೆ. ಉದ್ದಕ್ಕೆ ಉದ್ದ ಕೂಡಿಸಬಹುದು. ಉದ್ದಕ್ಕೆ ಕ್ಷೇತ್ರ ಕೂಡಿಸುವುದು ಮೊಳಕ್ಕೆ ಸೇರು ಕೂಡಿಸಿದಂತೆ. ನಮ್ಮ ವಿದ್ಯಾರ್ಥಿ ಹೀಗೆ ಮಾಡಿದ್ದರೆ ಪಾಟಿಯ ಮೇಲೆ ಗೀಟು ಎಳೆಯುತ್ತಿದ್ದೆವು. ಯಾವ ವರ್ತಕನಿಗೂ ಯಾವ ಒಕ್ಕಲಿಗನಿಗೂ ಇಂಥ ಮೊತ್ತ ಎಂದೂ ಎದುರಾಗದು. ಇದು ವಿನೋದ. ಆದರೆ ಬಿಡಿಸುವ ಸೂತ್ರವನ್ನು ನೋಡಿ. ಮೊತ್ತವನ್ನು 12ರಿಂದ ಗುಣಿಸು, 64 ಕೂಡಿಸು, ವರ್ಗಮೂಲ ತೆಗೆ, 8 ಕಳೆ, ಉಳಿದುದೇ ಪರಿಧಿ. 1116ನ್ನು 12ರಿಂದ ಗುಣಿಸಿದರೆ 13,392. 64 ಸೇರಿದರೆ 13,456. ಅದರ ವರ್ಗಮೂಲ 116. 8 ಕಳೆದರೆ 108. ವ್ಯಾಸ 36, ಫಲ 972. ಮೂರನ್ನೂ ಕೂಡಿಸಿ ನೋಡಿದರೆ 1116 ತಪ್ಪದೆ ಬರುತ್ತದೆ.

ಆ 12 ಎಲ್ಲಿಂದ ಬಂದಿತು? ವ್ಯಾಸವು ಪರಿಧಿಯ ಮೂರನೆಯ ಒಂದು ಭಾಗವಾದರೆ, ಅದರ ಕಾಲುಭಾಗ ಪರಿಧಿಯ ಹನ್ನೆರಡನೆಯ ಒಂದು ಭಾಗ. ಪರಿಧಿಯನ್ನು ಅದರಿಂದ ಗುಣಿಸಿದರೆ, ಪರಿಧಿಯ ವರ್ಗದ ಹನ್ನೆರಡನೆಯ ಒಂದು ಭಾಗವೇ ಫಲ. ಎಂದರೆ ಬೇವಿನ ಮರದ ತಂದೆ ಕೇಳಿದ ಪ್ರಶ್ನೆಗೆ ಉತ್ತರ ಈ ಒಗಟಿನ ಒಡಲಲ್ಲಿ ಕುಳಿತಿದೆ: ಸುತ್ತಿದ ಹಗ್ಗವನ್ನು ಅದರಿಂದಲೇ ಗುಣಿಸು, ಹನ್ನೆರಡರಿಂದ ಭಾಗಿಸು. ನಡುವನ್ನು ಹುಡುಕಬೇಕಾಗಿಲ್ಲ. ಆ ದಿಮ್ಮಿಗೆ ಹಚ್ಚಿದರೆ ಸ್ಥೂಲ ಲೆಕ್ಕದಲ್ಲಿ 13.33 ಘನ ಅಡಿ, ಸೂಕ್ಷ್ಮ ಲೆಕ್ಕದಲ್ಲಿ 12.65. ಒಂಬತ್ತನೆಯ ಶತಮಾನದ ಸ್ಥೂಲ ಲೆಕ್ಕವೂ ನಮ್ಮ ಕಾಲದ ಕಟ್ಟಿಗೆಯ ಅಡ್ಡೆಯ ಲೆಕ್ಕಕ್ಕಿಂತ ಸತ್ಯಕ್ಕೆ ಹತ್ತಿರವಾಗಿದೆ.

ವ್ಯಾಪಾರಿಗೆ ಅನ್ಯಾಯವಾಗಬಾರದು. ಹಗ್ಗ ನಾಲ್ಕು ಮಡಿಸುವ ಪದ್ಧತಿ ಅವನೊಬ್ಬನದಲ್ಲ. ಕಟ್ಟಿಗೆಯ ವ್ಯಾಪಾರದಲ್ಲಿ ಹಿಂದಿನಿಂದ ನಡೆದುಬಂದುದು. ದುಂಡು ದಿಮ್ಮಿಯನ್ನು ಕೊಯ್ದು ಚೌಕ ಮಾಡುವಾಗ ಹೊರಪದರು ವ್ಯರ್ಥವಾಗುವುದರಿಂದ ಆ ಕಡಿತ ಎಂಬ ಸಮರ್ಥನೆ ಅದಕ್ಕಿದೆ. ನೂರಕ್ಕೆ ಇಪ್ಪತ್ತೊಂದೂವರೆ ಪಾಲು ಲೆಕ್ಕದಿಂದಲೇ ಹೊರಗುಳಿಯುತ್ತದೆಂಬುದು ಇಬ್ಬರಿಗೂ ಗೊತ್ತಿದ್ದು ದರ ನಿಂತರೆ ಅದರಲ್ಲಿ ಮೋಸವಿಲ್ಲ. ಒಬ್ಬರಿಗೆ ಮಾತ್ರ ಗೊತ್ತಿದ್ದಾಗ ಏನಾಗುತ್ತದೆಂಬುದೇ ಪ್ರಶ್ನೆ.

ಈಗ ಮಹಾವೀರನ ಮೇಲಿನ ನಮ್ಮ ಮೊದಲ ಆಕ್ಷೇಪ. ಸ್ಥೂಲವೆಂದು ಹೆಸರಿಟ್ಟು ಹೇಳಿದ್ದು ಅವನ ಪ್ರಾಮಾಣಿಕತೆ. ಆದರೆ ಸ್ಥೂಲದ ತಪ್ಪು ಯಾರ ಕಡೆಗೆ ವಾಲುತ್ತದೆಂಬುದನ್ನು ಅವನು ಹೇಳಲಿಲ್ಲ. 14 ಅಡಿ ವ್ಯಾಸದ ಬಾವಿಯೊಂದಿದೆಯೆನ್ನಿ. ಅದರ ಪರಿಧಿ 44 ಅಡಿ, ಬಾಯಿಯ ವಿಸ್ತೀರ್ಣ 154 ಚದರ ಅಡಿ. ವ್ಯಾಸದಿಂದ ಹೊರಟು ಸ್ಥೂಲ ಸೂತ್ರ ಹಚ್ಚಿದರೆ 7ರ ವರ್ಗದ ಮೂರರಷ್ಟು, 147 ಬರುತ್ತದೆ. ಅದೇ ಬಾವಿಗೆ ಪರಿಧಿಯಿಂದ ಹೊರಟರೆ 44ರ ವರ್ಗದ ಹನ್ನೆರಡನೆಯ ಭಾಗ, 161ಕ್ಕೂ ಹೆಚ್ಚು. ಸೂತ್ರದ ಮೂಲ ಒಂದೇ, ಬಾವಿ ಒಂದೇ. ಒಳಗಿನಿಂದ ಅಳೆದರೆ ಕಡಿಮೆ, ಹೊರಗಿನಿಂದ ಅಳೆದರೆ ಹೆಚ್ಚು. 30 ಅಡಿ ಆಳ ತೋಡಿದರೆ ಒಂದು ಲೆಕ್ಕಕ್ಕೆ 44 ಬ್ರಾಸ್ ಮಣ್ಣು, ಇನ್ನೊಂದಕ್ಕೆ 48ಕ್ಕೂ ಮೇಲೆ. ತೋಡುವವನು ಹೊರಗಿನ ಹಗ್ಗ ಹಿಡಿಯುತ್ತಾನೆ, ತೋಡಿಸುವವನು ವ್ಯಾಸದ ಕೋಲು ಹಿಡಿಯುತ್ತಾನೆ, ಇಬ್ಬರೂ ಒಂದೇ ಶಾಸ್ತ್ರವನ್ನು ಉದಾಹರಿಸುತ್ತಾರೆ! ಮಣ್ಣು ತೋಡುವ ಲೆಕ್ಕಕ್ಕೆಂದೇ ಖಾತವ್ಯವಹಾರವೆಂಬ ಇಡೀ ಅಧ್ಯಾಯವನ್ನು ಬರೆದ ಆಚಾರ್ಯನು ಇದನ್ನು ಕಾಣದೆ ಇದ್ದಿರಲಾರನು. ಸೂಕ್ಷ್ಮ ಲೆಕ್ಕದಲ್ಲಿ ಈ ಎರಡು ದಾರಿಗಳ ಅಂತರ ಎರಡು ಚದರ ಅಡಿಯನ್ನೂ ಮುಟ್ಟುವುದಿಲ್ಲ, ವ್ಯಾಸದಿಂದ ಸುಮಾರು 155, ಪರಿಧಿಯಿಂದ 153. ಸೂಕ್ಷ್ಮವೆಂಬ ಹೆಸರು ಅದಕ್ಕೆ ಒಪ್ಪುತ್ತದೆ.

ಎರಡನೆಯ ಆಕ್ಷೇಪ ಇದಕ್ಕಿಂತ ಭಾರವಾದುದು. ಸೂತ್ರವನ್ನು ಹೇಳುವವನು ಅದು ಏಕೆ ಹಾಗೆಂದು ಹೇಳುವುದಿಲ್ಲ. ಪರಿಧಿಯನ್ನು ವ್ಯಾಸದ ಕಾಲುಭಾಗದಿಂದ ಗುಣಿಸಿದರೆ ಫಲ ಬರುವುದೇಕೆ? ಭಾಸ್ಕರಾಚಾರ್ಯನ ಲೀಲಾವತಿಯೂ (1150) ಇದೇ ಸೂತ್ರವನ್ನು ಕೊಡುತ್ತದೆ. ಅದಕ್ಕೆ ಗಣೇಶ ದೈವಜ್ಞನು 1545ರಲ್ಲಿ ಬರೆದ ಬುದ್ಧಿವಿಲಾಸಿನಿ ಟೀಕೆಯಲ್ಲಿ ಸೊಗಸಾದ ವಿವರಣೆಯಿದೆ. ವೃತ್ತವನ್ನು ಎರಡು ಅರ್ಧಗಳಾಗಿ ಕತ್ತರಿಸಿ, ಒಂದೊಂದು ಅರ್ಧವನ್ನೂ ನಡುವಿನಿಂದ ಅಂಚಿಗೆ ಸೂಜಿಯಂಥ ಚೂರುಗಳಾಗಿ ಸೀಳಿ, ಒಂದರ ಹಲ್ಲುಗಳ ನಡುವೆ ಇನ್ನೊಂದರ ಹಲ್ಲುಗಳನ್ನು ಕೂಡಿಸುವುದು. ನಾವು ಇದನ್ನು ತರಗತಿಯಲ್ಲಿ ಜೋಳದ ರೊಟ್ಟಿಯ ಮೇಲೆ ಮಾಡಿ ತೋರಿಸುತ್ತಿದ್ದೆವು. ತೆಳ್ಳಗೆ ಬಡಿದ ರೊಟ್ಟಿ, ಬಿಸಿಯಿರುವಾಗಲೇ ಹದಿನಾರು ಸೀಳು, ಆರಿದರೆ ಮುರಿಯುತ್ತದೆ. ಎದುರುಬದುರು ಕೂಡಿಸಿಟ್ಟರೆ ಒಂದು ಪಟ್ಟಿಯಾಗುತ್ತದೆ. ಉದ್ದ ಪರಿಧಿಯ ಅರ್ಧ, ಅಗಲ ತ್ರಿಜ್ಯ. ಅಂಚು ಸ್ವಲ್ಪ ಅಲೆಯಲೆಯಾಗಿರುತ್ತದೆ. ಸೀಳು ಹೆಚ್ಚಿದಷ್ಟೂ ನೇರವಾಗುತ್ತದೆ ಎಂದು ಹೇಳಬೇಕಾಗಿ ಬರಲಿಲ್ಲ, ಹಿಂದಿನ ಸಾಲಿನ ಹುಡುಗಿಯೊಬ್ಬಳು ತಾನೇ ಹೇಳಿದಳು. ಪಾಠ ಮುಗಿದ ಮೇಲೆ ಕ್ಷೇತ್ರಫಲವನ್ನು ಎಲ್ಲರೂ ಶೇಂಗಾ ಹಿಂಡಿಯೊಡನೆ ತಿಂದುಬಿಟ್ಟರು.

ಉಪಪತ್ತಿಯಿಲ್ಲದ ಸೂತ್ರ ಎಲ್ಲಿ ಕಾಲು ಜಾರುತ್ತದೆಂಬುದಕ್ಕೆ ಮಹಾವೀರನೇ ಸಾಕ್ಷಿ. ಅವನ ವೃತ್ತಪ್ರಕರಣದಲ್ಲಿ ಶಂಖದಾಕೃತಿ, ಆಮೆಯ ಬೆನ್ನಿನಂತೆ ಉಬ್ಬಿದ್ದು, ಹೋಮಕುಂಡದಂತೆ ತಗ್ಗಿದ್ದು, ಬಳೆಯಂಥದು, ಹೀಗೆ ಹಲವು ಬಗೆಗಳಿವೆ. ಅವುಗಳಲ್ಲಿ ಒಂದು ಆಯತವೃತ್ತ, ನಾವು ದೀರ್ಘವೃತ್ತವೆನ್ನುವುದು. ಇದರ ಪರಿಧಿಯನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಅವನ ದೊಡ್ಡ ಸಾಹಸ. ಉದ್ದ 36, ಅಗಲ 12 ಎಂಬ ಅವನದೇ ಉದಾಹರಣೆಗೆ ಸೂಕ್ಷ್ಮ ಪರಿಧಿ 6048ರ ವರ್ಗಮೂಲ, ಅಂದರೆ ಸುಮಾರು 77.8. ಇಂದಿನ ಲೆಕ್ಕಕ್ಕೆ 80.2. ಸಾವಿರದ ನೂರು ವರ್ಷಗಳ ಹಿಂದೆ ಇಷ್ಟು ಹತ್ತಿರ ಬಂದವನಿಗೆ ಕೈಮುಗಿಯಬೇಕು. ಆದರೆ ಮುಂದಿನ ಹೆಜ್ಜೆಯಲ್ಲಿ ವೃತ್ತದ ಮಾತನ್ನೇ ಇಲ್ಲಿಗೂ ತಂದು, ಪರಿಧಿಯನ್ನು ಅಗಲದ ಕಾಲುಭಾಗದಿಂದ ಗುಣಿಸು ಎಂದುಬಿಡುತ್ತಾನೆ. ಬರುವುದು 233. ನಿಜವಾದ ಫಲ 339. 12 ಅಗಲದ ವೃತ್ತವನ್ನು ಒಂದೇ ದಿಕ್ಕಿಗೆ ಮೂರುಪಟ್ಟು ಹಿಗ್ಗಿಸಿದಂತಾದ್ದರಿಂದ ಆ ವೃತ್ತದ ಫಲದ ಮೂರರಷ್ಟು. ಅವನ ಸ್ಥೂಲ ಲೆಕ್ಕ 252 ಎನ್ನುತ್ತದೆ. ಸೂಕ್ಷ್ಮವೆಂದು ಕರೆದುದಕ್ಕಿಂತ ಸ್ಥೂಲವೇ ಸತ್ಯಕ್ಕೆ ಹತ್ತಿರ!

ರೊಟ್ಟಿಯ ಸೀಳುಗಳನ್ನು ಕಂಡವರಿಗೆ ತಪ್ಪು ಎಲ್ಲಿದೆಯೆಂದು ಕೂಡಲೇ ತಿಳಿಯುತ್ತದೆ. ದುಂಡನೆಯ ರೊಟ್ಟಿಯಲ್ಲಿ ಎಲ್ಲ ಸೀಳುಗಳೂ ಒಂದೇ ಎತ್ತರ. ಉದ್ದನೆಯ ರೊಟ್ಟಿಯಲ್ಲಿ ನಡುವಿನಿಂದ ಅಂಚಿಗೆ ಕೆಲವು 18ರಷ್ಟು ಉದ್ದ, ಕೆಲವು 6ರಷ್ಟು ಗಿಡ್ಡ. ಅಗಲದ ಕಾಲುಭಾಗದಿಂದ ಗುಣಿಸುವುದೆಂದರೆ ಎಲ್ಲ ಸೀಳುಗಳೂ ಅತಿ ಗಿಡ್ಡನೆಯ ಸೀಳಿನಷ್ಟೇ ಎಂದು ಹಿಡಿದಂತೆ. ಪದ್ಯದ ಅಂದಕ್ಕೆ, ಬಾಯಿಪಾಠದ ಅನುಕೂಲಕ್ಕೆ, ಒಂದು ಆಕೃತಿಯ ಮಾತು ಇನ್ನೊಂದಕ್ಕೂ ಚೆನ್ನಾಗಿ ಹೊಂದುತ್ತದೆ. ಆ ಹೊಂದಿಕೆಯೇ ಇಲ್ಲಿ ಮೋಸಮಾಡಿತು ಎಂಬುದು ನಮ್ಮ ಎಣಿಕೆ. ಛಂದಸ್ಸಿನಲ್ಲಿ ಕಾರಣಕ್ಕೆ ಜಾಗವಿಲ್ಲದಾಗ ಶಾಸ್ತ್ರಕಾವ್ಯ ತೆರುವ ಬೆಲೆ ಇದು. ಮಹಾವೀರನೊಬ್ಬನೇ ಅದನ್ನು ತೆತ್ತವನಲ್ಲ.

ನಮ್ಮ ಭಾಷೆಗೆ ಬಂದರೆ ಹನ್ನೆರಡನೆಯ ಶತಮಾನದ ರಾಜಾದಿತ್ಯನಿದ್ದಾನೆ. ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದ ಕೃತಿಗಳನ್ನು ಕನ್ನಡದಲ್ಲಿಯೇ ಬರೆದವನು. ಹೊಲ ಅಳೆಯುವವನ ಬಾಯಲ್ಲಿದ್ದ ಭಾಷೆಯಲ್ಲಿ ಅಳತೆಯ ಶಾಸ್ತ್ರವನ್ನು ಹೇಳಿದ್ದು ಅವನ ಕಾಲಕ್ಕೆ ಸಣ್ಣ ಕೆಲಸವಲ್ಲ. ಅದೇ ಶತಮಾನದ ವಚನಕಾರರನ್ನು ಕುರಿತು ನಮ್ಮ ಸಂಘಗಳು ನಡೆಸಿದ ಗೋಷ್ಠಿಗಳಿಗೆ ಲೆಕ್ಕವಿಲ್ಲ, ನಡೆಸಬೇಕಾದುದೂ ಹೌದು. ರಾಜಾದಿತ್ಯನ ಮೇಲೆ ಒಂದು ಗೋಷ್ಠಿ ನಡೆದುದನ್ನು ನಾವು ಈ ಭಾಗದಲ್ಲಿ ಕಾಣಲಿಲ್ಲ.

ಗಡಿನಾಡಿನ ನಮಗೆ ಈ ಕೊರತೆ ಹೆಚ್ಚು ತಟ್ಟುತ್ತದೆ. ರಾಷ್ಟ್ರಕೂಟರು ತಮ್ಮನ್ನು ಲಟ್ಟಲೂರ ಪುರವರಾಧೀಶ್ವರರೆಂದು ಕರೆದುಕೊಂಡರು. 866ರ ನೀಲಗುಂದ ಮತ್ತು ಶಿರೂರಿನ ಶಾಸನಗಳಲ್ಲಿ ಅಮೋಘವರ್ಷನಿಗೆ ಈ ಬಿರುದಿದೆ. (ಆ ಶಿರೂರು ಧಾರವಾಡದ ಕಡೆಯದು, ನಮ್ಮ ಶಿರೂರ ಅನಂತಪಾಳವಲ್ಲ, ಉತ್ಸಾಹಿಗಳು ಅವಸರಪಡಬಾರದು.) ಲಟ್ಟಲೂರು ಇಂದಿನ ಲಾತೂರೆಂಬುದು ವಿದ್ವಾಂಸರ ಅಭಿಪ್ರಾಯ. ಆ ಲಾತೂರ ಜಿಲ್ಲೆಯಲ್ಲಿ ನಾವು ಗಣಿತ ಕಲಿಸಿದ್ದು ಮರಾಠಿಯಲ್ಲಿ. ಮನೆಯಲ್ಲಿ ಕನ್ನಡವಾಡುವ ಮಕ್ಕಳು ವ್ಯಾಸವನ್ನು ವ್ಯಾಸವೆಂದೇ ಕಲಿತರು, ತ್ರಿಜ್ಯ ತ್ರಿಜ್ಯಾ ಆಯಿತು, ಕ್ಷೇತ್ರಫಲ ಕ್ಷೇತ್ರಫಳವಾಯಿತು. ಪರಿಧಿ ಮಾತ್ರ ಪರೀಘವಾಗಿ ಬಂತು. ಮಹಾವೀರನು ಬಳಸಿದ ಮಾತು ಪರಿಧಿ. ಕರ್ನಾಟಕದ ಪಠ್ಯದಲ್ಲಿ ಅದೇ ಉಳಿದಿದೆ. ಮರಾಠಿಯ ಮಾತಿನ ಮೇಲೆ ನಮಗೆ ಮುನಿಸಿಲ್ಲ. ಅದರಿಂದಲೇ ಹೊಟ್ಟೆ ಹೊರೆದವರು. ಆದರೂ ಎರಡು ಮಾತುಗಳನ್ನು ಅಕ್ಕಪಕ್ಕ ಬರೆದು ‘ಇದು ನಿಮ್ಮ ಮನೆಯ ಕಡೆಯ ಪುಸ್ತಕದ್ದು’ ಎಂದು ತೋರಿಸಿದ ದಿನ, ಎಂದೂ ಬಾಯಿ ತೆರೆಯದ ಒಬ್ಬಿಬ್ಬರು ಹುಡುಗರು ಕೈಯೆತ್ತಿದ್ದು ನೆನಪಿದೆ.

ಬೇವಿನ ಮರದ ತಂದೆಗೆ ನಾವು ಮರುದಿನ ಹೇಳಿದ್ದು ಮಹಾವೀರನ ಸೂತ್ರವನ್ನಲ್ಲ, ಆಗ ಅದು ನಮಗೆ ತಿಳಿದಿರಲಿಲ್ಲ. ಹಗ್ಗದ ಅಳತೆಯ ವರ್ಗ ಮಾಡಿ, ನೂರಕ್ಕೆ ಎಂಟು ಪಾಲು ತೆಗೆದುಕೊಳ್ಳಿ ಎಂದಿದ್ದೆವು. ನೂರಕ್ಕೆ ಎಂಟೆಂದರೆ ಹನ್ನೆರಡೂವರೆಯಿಂದ ಭಾಗಿಸಿದಂತೆ. ತಪ್ಪು ನೂರಕ್ಕೆ ಅರ್ಧ ಮಾತ್ರ. ಬಡ್ಡಿಯ ಲೆಕ್ಕ ಬಲ್ಲವರಿಗೆ ನೂರಕ್ಕೆ ಎಂಟು ತಿಳಿಯದೆ ಇರುತ್ತದೆಯೆ? ಮಾರಿದ ಮರದ ಹಣ ತಿರುಗಿ ಬರಲಿಲ್ಲ. ಎರಡು ವರ್ಷಗಳ ಮೇಲೆ ಜಾಲಿಯ ಮರಗಳನ್ನು ಮಾರುವಾಗ ಅವರು ಅಳತೆಯ ಬಗೆಗೆ ಜಗಳ ತೆಗೆಯಲಿಲ್ಲವಂತೆ. “ನಿಮ್ಮ ಮಾಪ ನಿಮಗಿರಲಿ, ನಾಕ್ ಮಡಿಕಿ ಹಾಕ್ರಿ. ರೂಪಾಯಿಗಿ ಸವ್ವಾ ರೂಪಾಯಿ ಕೊಡ್ರಿ” ಎಂದರಂತೆ. ಮಾತು ನಡೆದು, ಚಹಾ ಆಗಿ, ಸಂಜೆಯ ಹೊತ್ತಿಗೆ ಒಂದು ರೂಪಾಯಿ ಹದಿನೈದು ಪೈಸೆಯ ಲೆಕ್ಕಕ್ಕೆ ನಿಂತಿತು.